ಡಿವಿಡಿಗೆ ಇಳಿಸಿದಾಗ ವಿಡಿಯೊ ಕೆಡುವುದೇಕೆ?

ಪ್ರಶ್ನೆ: ನಮ್ಮೂರಿನಲ್ಲಿ ನಡೆದ ಬಡಗುತಿಟ್ಟಿನ ಯಕ್ಷಗಾನವನ್ನು ಎಚ್‌ಡಿ ಕ್ಯಾಮ್‌ಕಾರ್ಡರಿನಲ್ಲಿ ಚಿತ್ರೀಕರಿಸಿದ್ದೇವೆ. ಪ್ರಸಂಗ ಮೂರು ಗಂಟೆಯದು; ಎವಿಸಿಎಚ್‌ಡಿ ಫೈಲುಗಳು ಒಟ್ಟು ಸುಮಾರು 20 ಜಿಬಿ ಇವೆ. ಕಂಪ್ಯೂಟರಿನಲ್ಲಿ ಚಿತ್ರ ಸ್ಪಷ್ಟವಾಗಿದೆ. ಅಂಗಡಿಯಲ್ಲಿ ಒಂದೇ ಡಿವಿಡಿಗೆ ಹಾಕಿಸಿದಾಗ ಕುಣಿತದ ಭಾಗವೆಲ್ಲ ಚೌಕ ಚೌಕವಾಗಿ ಒಡೆದು ಕಾಣುತ್ತಿದೆ. ಗುಣಮಟ್ಟ ಕೆಡದಂತೆ ಡಿಸ್ಕಿಗೆ ಹಾಕಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಡಿವಿಡಿಯಲ್ಲಿ ಮೂಲದ ಗುಣಮಟ್ಟ ಪೂರ್ತಿ ಉಳಿಯುವುದಿಲ್ಲ, ಆದರೆ ನಿಮಗೆ ಸಿಕ್ಕಿರುವಷ್ಟು ಕೆಟ್ಟ ಚಿತ್ರ ಬರಬೇಕಾಗಿಯೂ ಇರಲಿಲ್ಲ. ನಿಮ್ಮ ಮೂಲ ಚಿತ್ರ 1920×1080 ಪಿಕ್ಸೆಲ್‌ಗಳದ್ದು, ನಮ್ಮಲ್ಲಿ ಬಳಕೆಯಲ್ಲಿರುವ ಪಾಲ್ (ಟಿವಿ ಚಿತ್ರದ ಒಂದು ಮಾನದಂಡ) ಡಿವಿಡಿಯದು 720×576, ಅಂದರೆ ಸರಿಯಾಗಿ ಐದನೇ ಒಂದು ಪಾಲು. ಈ ನಷ್ಟವನ್ನು ಯಾವ ತಂತ್ರಾಂಶವೂ ತಪ್ಪಿಸಲಾರದು. ಇದರಿಂದ ಚಿತ್ರ ತುಸು ಮೆತ್ತಗಾಗುತ್ತದೆಯೇ ಹೊರತು ಚೌಕಗಳು ಮೂಡುವುದಿಲ್ಲ.

ಚೌಕಗಳಿಗೆ ಕಾರಣ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಸಿಗುವ ದತ್ತಾಂಶದ ಪ್ರಮಾಣ. ಸಾಮಾನ್ಯ ಡಿವಿಡಿಯ 4.7 ಜಿಬಿ ಜಾಗವನ್ನು ಮೂರು ಗಂಟೆಗೆ ಹಂಚಿದರೆ, ಧ್ವನಿಯೂ ಸೇರಿ ಸೆಕೆಂಡಿಗೆ 3.5 ಮೆಗಾಬಿಟ್ ಕೂಡ ಸಿಗುವುದಿಲ್ಲ. ಡಿವಿಡಿಯ ನಿಯಮವಾದರೋ ಚಿತ್ರವೊಂದಕ್ಕೇ 9.8 ಮೆಗಾಬಿಟ್‌ವರೆಗೆ ಅವಕಾಶ ಕೊಟ್ಟಿದೆ. ಭಾಗವತರು ಕುಳಿತಿರುವ ದೃಶ್ಯಕ್ಕೆ ಅಷ್ಟು ಸಾಕಾಗಬಹುದು. ಆದರೆ ಮಂಡಿಕುಣಿತದಲ್ಲಿ ಕಲಾವಿದರು ಗಿರಗಿರನೆ ತಿರುಗುವಾಗ ಕೇದಗೆ ಮುಂದಲೆಯ ಜರಿಪಟ್ಟಿ, ಎದೆಕಟ್ಟಿನ ಹೊಳಪು, ಸೀರೆಯ ಚೌಕುಳಿ ಎಲ್ಲವೂ ಪ್ರತಿ ಫ್ರೇಮಿನಲ್ಲಿ ಬದಲಾಗುತ್ತವೆ. ಡಿವಿಡಿ ಬಳಸುವ ಎಂಪೆಗ್-2 ಸಂಕೋಚನಕ್ಕೆ ಆಗ ಬಿಟ್‌ಗಳು ಸಾಲದೆ, ಸೂಕ್ಷ್ಮ ವಿವರವನ್ನು ಬಿಟ್ಟು ಚೌಕಗಳನ್ನಷ್ಟೇ ಉಳಿಸುತ್ತದೆ. ಆದ್ದರಿಂದ ಪ್ರಸಂಗವನ್ನು ಸೂಕ್ತವಾದ ಸನ್ನಿವೇಶದಲ್ಲಿ ಕತ್ತರಿಸಿ ಎರಡು ಡಿಸ್ಕಿಗೆ ಹಾಕಿಸಿ. ಡಿಸ್ಕಿಗೆ ತೊಂಬತ್ತು ನಿಮಿಷವಾದಾಗ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 6.5 ಮೆಗಾಬಿಟ್ ಸಿಗುತ್ತದೆ. ಟೂ-ಪಾಸ್ ವಿಧಾನದಲ್ಲಿ ಎನ್‌ಕೋಡ್ (ಡಿಸ್ಕಿನ ರೂಪಕ್ಕೆ ಸಂಕೋಚನ) ಮಾಡಿಸಿದರೆ ತಂತ್ರಾಂಶ ಮೊದಲು ಇಡೀ ವಿಡಿಯೊವನ್ನು ಓದಿಕೊಂಡು, ಕುಣಿತಕ್ಕೆ ಹೆಚ್ಚು, ಮಾತುಗಾರಿಕೆಗೆ ಕಡಿಮೆ ಎಂದು ಬಿಟ್‌ಗಳನ್ನು ಹಂಚುತ್ತದೆ. ಕ್ಯಾಮೆರಾದ ಧ್ವನಿ ಡಿವಿಡಿಯೂ ಒಪ್ಪುವ ಡಾಲ್ಬಿ ಎಸಿ-3 ರೂಪದಲ್ಲಿದ್ದರೆ, ಸಾಮಾನ್ಯವಾಗಿ ಹಾಗೆಯೇ ಇರುತ್ತದೆ, ಅದನ್ನು ಮುಟ್ಟದೆ ಉಳಿಸಿಕೊಳ್ಳಲು ಹೇಳಿ. ಚಂಡೆ ಮದ್ದಳೆಯ ನಾದ ಇದ್ದಂತೆಯೇ ಬರುತ್ತದೆ.

ಅಂಗಡಿಯವರು ಹೆಚ್ಚಾಗಿ ಗಮನಿಸದ ಇನ್ನೊಂದು ವಿಷಯವಿದೆ. ಇಂಥ ಕ್ಯಾಮೆರಾಗಳು ಬಹುಮಟ್ಟಿಗೆ ಇಂಟರ್‌ಲೇಸ್ಡ್ ಆಗಿ, ಸೆಕೆಂಡಿಗೆ 50 ಅರ್ಧಚಿತ್ರಗಳನ್ನು, ಅಂದರೆ ಫೀಲ್ಡ್‌ಗಳನ್ನು ದಾಖಲಿಸುತ್ತವೆ; ಒಂದರಲ್ಲಿ ಚಿತ್ರದ ಬೆಸ ಗೆರೆಗಳು, ಮುಂದಿನದರಲ್ಲಿ ಸಮ ಗೆರೆಗಳು. ಇವುಗಳನ್ನು ಬಿಡಿಸದೆ ನೇರವಾಗಿ ಕುಗ್ಗಿಸಿದರೆ ಚಲನೆಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಮೂಡುತ್ತವೆ. ಅರ್ಧದಷ್ಟನ್ನು ಎಸೆದರೆ ಕುಣಿತ ತಡೆತಡೆದು ಸಾಗುತ್ತದೆ. ಮೊದಲು 50 ಪೂರ್ಣ ಫ್ರೇಮ್‌ಗಳಾಗಿ ಬಿಡಿಸಿ, ಕುಗ್ಗಿಸಿ, ಮತ್ತೆ ಇಂಟರ್‌ಲೇಸ್ ಮಾಡುವುದೇ ಸರಿಯಾದ ಕ್ರಮ. ಸಮಯ ಹಿಡಿಯುತ್ತದೆ, ಆದರೂ ನೀವು ಹಟ ಹಿಡಿದು ಕೇಳಬೇಕಾದದ್ದು ಇದನ್ನೇ.

ನೋಡುವವರ ಮನೆಯಲ್ಲಿ ಬ್ಲೂ-ರೇ ಪ್ಲೇಯರ್ ಇದ್ದರೆ ಈ ಯಾವ ಕಷ್ಟವೂ ಬೇಡ. 25 ಜಿಬಿಯ ಡಿಸ್ಕಿನಲ್ಲಿ ನಿಮ್ಮ ಫೈಲುಗಳು ಪೂರ್ತಿ ಹಿಡಿಸುತ್ತವೆ. ಎವಿಸಿಎಚ್‌ಡಿ ಬಳಸುವ ಎಚ್.264 ಸಂಕೋಚನವನ್ನು ಬ್ಲೂ-ರೇ ಒಪ್ಪುವುದರಿಂದ, ಟಿಎಸ್‌ಮಕ್ಸರ್‌ನಂಥ ಉಚಿತ ತಂತ್ರಾಂಶದಲ್ಲಿ ಮರು ಎನ್‌ಕೋಡ್ ಇಲ್ಲದೆ ಡಿಸ್ಕಿನ ವಿನ್ಯಾಸಕ್ಕೆ ಜೋಡಿಸಬಹುದು. ಯಾವ ದಾರಿ ಹಿಡಿದರೂ ಕ್ಯಾಮೆರಾದ ಮೂಲ ಫೈಲುಗಳಿಂದಲೇ ಆರಂಭಿಸಿ. ಈಗಿನ ಡಿವಿಡಿಯಿಂದ ಮತ್ತೆ ಪರಿವರ್ತಿಸಿದರೆ ಹಳೆಯ ಚೌಕಗಳ ಮೇಲೆ ಹೊಸ ದೋಷಗಳು ಸೇರುತ್ತವೆ.

ಪ್ರಶ್ನೆ: ಮಿನಿ ಡಿವಿ ಟೇಪಿನಲ್ಲಿದ್ದ ಮದುವೆಯ ವಿಡಿಯೊವನ್ನು ಡಿವಿಡಿಗೆ ಹಾಕಿಸಿದೆವು. ಜನ ನಡೆದಾಡುವಾಗ ಚಿತ್ರ ಹಿಂದೆ ಮುಂದೆ ಅದುರುತ್ತದೆ.
– ಓದುಗರೊಬ್ಬರು, ತುಮಕೂರು

ಉತ್ತರ: ಇದು ಫೀಲ್ಡ್‌ಗಳ ಕ್ರಮ ಅದಲುಬದಲಾಗಿರುವುದರ ಲಕ್ಷಣ. ಡಿವಿ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಎನ್‌ಕೋಡ್ ಮಾಡುವಾಗ ಮೇಲಿನದು ಮೊದಲು ಎಂದು ಗುರುತಿಸಿದರೆ ಪ್ರತಿ ಚಲನೆಯೂ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುತ್ತದೆ. ಟೇಪಿನಿಂದ ಇಳಿಸಿಕೊಂಡ ಫೈಲ್ ಇದ್ದರೆ ಆ ಆಯ್ಕೆಯೊಂದನ್ನು ಸರಿಪಡಿಸಿ ಮತ್ತೆ ಎನ್‌ಕೋಡ್ ಮಾಡಿದರೆ ಸಾಕು. ಪಾಲ್ ಡಿವಿ ಚಿತ್ರವೂ 720×576 ಅಳತೆಯದೇ ಆದ್ದರಿಂದ ಕುಗ್ಗಿಸುವ ಪ್ರಮೇಯವಿಲ್ಲ. ಗಂಟೆಗೊಂದು ಡಿಸ್ಕ್ ಕೊಟ್ಟರೆ ಮೂಲಕ್ಕೂ ಪ್ರತಿಗೂ ವ್ಯತ್ಯಾಸ ಹುಡುಕುವುದು ಕಷ್ಟ.