ಎನ್‌ಬಿಎ ತಂಡಗಳು ಬೇಕಂತಲೇ ಸೋಲುವುದನ್ನು ದಂಡ ಹಾಕಿ ನಿಲ್ಲಿಸಬಹುದೇ?

ಪ್ರಶ್ನೆ: "ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಕೊನೆಗೆ ಬಂದ ತಂಡಕ್ಕೆ ಒಳ್ಳೆಯ ಹೊಸ ಆಟಗಾರ ಸಿಗುತ್ತಾನಂತೆ, ಅದಕ್ಕೇ ಕೆಲವು ತಂಡಗಳು ಬೇಕಂತಲೇ ಸೋಲುತ್ತವಂತೆ. ದೊಡ್ಡ ದಂಡ ಹಾಕಿದರೆ ನಿಲ್ಲುವುದಿಲ್ಲವೇ? ಬೇರೆ ದಾರಿ ಏನಿದೆ?"

ದಂಡದಿಂದ ನಿಲ್ಲುವುದಿಲ್ಲ. ಸೋತಷ್ಟೂ ಲಾಭ ಎಂದು ನಿಯಮವೇ ಹೇಳುತ್ತಿರುವಾಗ ಸೋತವರನ್ನು ಹಿಡಿದು ಶಿಕ್ಷಿಸಿ ಸಿಗುವ ಫಲ ಅಲ್ಪ. ಬದಲಿಸಬೇಕಾದ್ದು ಆ ಲಾಭದ ಲೆಕ್ಕವನ್ನು. ಎಲ್ಲಿ, ಎಷ್ಟು ಬದಲಿಸಬೇಕು ಎನ್ನುವುದರಲ್ಲಿ ಕಷ್ಟವಿದೆ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಐಪಿಎಲ್ ನೋಡುವವರಿಗೆ ಈ ಸಮಸ್ಯೆಯೇ ವಿಚಿತ್ರ ಅನಿಸಬಹುದು. ಆರ್‌ಸಿಬಿ ಮೊದಲು ಬಂದರೂ ಕೊನೆಗೆ ಬಂದರೂ ಆಟಗಾರರ ಮೇಲೆ ಖರ್ಚು ಮಾಡುವ ಮಿತಿ ಎಲ್ಲ ತಂಡಗಳಷ್ಟೇ. ಕೊನೆಯ ಸ್ಥಾನಕ್ಕೆ ಬಹುಮಾನವಿಲ್ಲ. ಎನ್‌ಬಿಎಯಲ್ಲಿ ಹರಾಜಿಲ್ಲ, ಡ್ರಾಫ್ಟ್ ಇದೆ. 30 ತಂಡಗಳು ಎರಡು ಸುತ್ತುಗಳಲ್ಲಿ ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. ದುರ್ಬಲ ತಂಡಗಳು ಮೇಲೇಳಲಿ ಎಂದು ಸರದಿಯಲ್ಲಿ ಅವರಿಗೆ ಮೇಲಿನ ಜಾಗ, ಆದರೆ ಮೊದಲ ಕೆಲವು ಜಾಗಗಳನ್ನು ಲಾಟರಿ ಎತ್ತಿ ನಿರ್ಧರಿಸುತ್ತಾರೆ. ಮೊದಲ ಸುತ್ತಿನ ಆಟಗಾರನ ಸಂಬಳ ನಿಗದಿತ ದರಪಟ್ಟಿಯಂತೆ ನಡೆಯುತ್ತದೆ, ತಂಡಕ್ಕೆ ಅವನ ಮೇಲೆ ನಾಲ್ಕು ವರ್ಷಗಳ ಹಿಡಿತವಿರುತ್ತದೆ. ಅಂಗಳದಲ್ಲಿ ಒಮ್ಮೆಗೆ ಐದೇ ಜನ ಆಡುವ ಆಟವಾದ್ದರಿಂದ ಒಬ್ಬ ಅಸಾಧಾರಣ ಆಟಗಾರ ಇಡೀ ತಂಡದ ಹಣೆಬರಹ ತಿದ್ದಬಲ್ಲ. ಅಂಥವನು ಕಡಿಮೆ ಸಂಬಳಕ್ಕೆ ನಾಲ್ಕು ವರ್ಷ ಸಿಗುತ್ತಾನೆಂದರೆ ಒಂದು ಋತುವಿನ ಸೋಲು ಅಗ್ಗದ ಬೆಲೆ.

ಇಲ್ಲಿ ಸೋಲುವವರು ಯಾರು ಎನ್ನುವುದನ್ನು ಮೊದಲು ಸರಿಯಾಗಿ ನೋಡಬೇಕು. ಅಂಗಳದಲ್ಲಿರುವ ಆಟಗಾರ ಬೇಕಂತಲೇ ಚೆಂಡು ತಪ್ಪಿಸುವುದಿಲ್ಲ. ಅವನ ಮುಂದಿನ ಒಪ್ಪಂದ ಈ ಆಟದ ಮೇಲೆ ನಿಂತಿದೆ. ಅಲ್ಲದೆ ಬರುವ ಹೊಸ ಹುಡುಗ ಅವನ ಜಾಗವನ್ನೇ ಕಿತ್ತುಕೊಳ್ಳಬಹುದು. ಕೋಚ್‌ಗೂ ಸೋಲು ಬೇಡ, ಕೆಲಸ ಹೋಗುತ್ತದೆ. ಸೋಲನ್ನು ಯೋಜಿಸುವುದು ಆಡಳಿತ. ಫೆಬ್ರವರಿಯ ವಿನಿಮಯ ಗಡುವಿಗೆ ಮುಂಚೆ ಅನುಭವಿಗಳನ್ನು ಬೇರೆ ತಂಡಗಳಿಗೆ ಸಾಗಹಾಕುತ್ತಾರೆ. ಮಾರ್ಚ್ ಬಂತೆಂದರೆ ಮುಖ್ಯ ಆಟಗಾರನಿಗೆ ಬೆನ್ನುನೋವು, ಮಂಡಿನೋವು ಎಂದು ವಿಶ್ರಾಂತಿ. ಉಳಿದ ಜಾಗಕ್ಕೆ ಹತ್ತು ದಿನದ ಒಪ್ಪಂದದ ಹುಡುಗರು. ಇನ್ನೂ ಸೂಕ್ಷ್ಮವಾದ ದಾರಿಯೆಂದರೆ ಮೂರು ಕ್ವಾರ್ಟರ್ ಆಡಿಸಿ, ಪಂದ್ಯ ಸಮಬಲದಲ್ಲಿರುವಾಗ ನಾಲ್ಕನೆಯದರಲ್ಲಿ ಒಳ್ಳೆಯವರನ್ನು ಬೆಂಚಿನಲ್ಲಿ ಕೂರಿಸುವುದು. ಪ್ರತಿಯೊಂದಕ್ಕೂ ಒಪ್ಪತಕ್ಕ ಕಾರಣವಿರುತ್ತದೆ: ಗಾಯ ನಿಜವಿರಬಹುದು, ಹೊಸಬರಿಗೆ ಅವಕಾಶ ಕೊಡುವುದೂ ನ್ಯಾಯವೇ. ಉದ್ದೇಶ ಸಾಬೀತು ಮಾಡಲು ಆಗದ ಕಡೆ ಶಿಕ್ಷೆಗೆ ಬಲವಿರುವುದಿಲ್ಲ.

ದಂಡದ ಲೆಕ್ಕ ಎಷ್ಟು ಸೋಲುತ್ತದೆ ಎನ್ನುವುದಕ್ಕೆ 2023ರ ಡಲ್ಲಾಸ್ ಮ್ಯಾವೆರಿಕ್ಸ್‌ಗಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. 2019ರಲ್ಲಿ ಕ್ರಿಸ್ಟಾಪ್ಸ್ ಪೋರ್ಜಿಂಗಿಸ್‌ನನ್ನು ತರುವಾಗ ಅವರು ಮುಂದೊಂದು ವರ್ಷದ ಮೊದಲ ಸುತ್ತಿನ ಆಯ್ಕೆಯನ್ನು, ಅಂದರೆ ಡ್ರಾಫ್ಟ್‌ನಲ್ಲಿನ ತಮ್ಮ ಸರದಿಯನ್ನು, ನ್ಯೂಯಾರ್ಕ್ ನಿಕ್ಸ್‌ಗೆ ಬರೆದುಕೊಟ್ಟಿದ್ದರು. 2023ರಲ್ಲಿ ಅದಕ್ಕಿದ್ದ ಷರತ್ತು ಇದು: ಆಯ್ಕೆ ಮೊದಲ ಹತ್ತರೊಳಗೆ ಬಂದರೆ ಡಲ್ಲಾಸ್‌ನಲ್ಲೇ ಉಳಿಯುತ್ತದೆ, ಹನ್ನೊಂದು ಅಥವಾ ಅದರಾಚೆಯದಾದರೆ ನಿಕ್ಸ್ ಪಾಲು. ಏಪ್ರಿಲ್ 7ರಂದು ಷಿಕಾಗೋ ವಿರುದ್ಧದ ಪಂದ್ಯದ ಹೊತ್ತಿಗೆ ಡಲ್ಲಾಸ್‌ಗೆ ಪ್ಲೇ-ಇನ್‌ಗೆ, ಅಂದರೆ ಪ್ಲೇಆಫ್‌ನ ಕೊನೆಯ ಜಾಗಗಳಿಗಾಗಿ ನಡೆಯುವ ಅರ್ಹತಾ ಪಂದ್ಯಗಳಿಗೆ, ಹೋಗುವ ಅವಕಾಶ ಇನ್ನೂ ಇತ್ತು. ಆದರೂ ಕೈರಿ ಇರ್ವಿಂಗ್ ಸೇರಿ ಹಲವರನ್ನು ಹೊರಗಿಟ್ಟರು, ಲೂಕಾ ಡಾನ್‌ಚಿಚ್ ಮೊದಲ ಕ್ವಾರ್ಟರ್ ದಾಟುತ್ತಿದ್ದಂತೆ ಬೆಂಚಿಗೆ ಬಂದ. ಪಂದ್ಯ 115-112ರಲ್ಲಿ ಕೈಬಿಟ್ಟಿತು. ಲೀಗ್ 7,50,000 ಡಾಲರ್ ದಂಡ ಹಾಕಿತು. ಆದರೆ ಕೆಳಗಿನಿಂದ ಹತ್ತನೆಯ ಸ್ಥಾನದಲ್ಲಿ ನಿಂತ ತಂಡಕ್ಕೆ ಅಂಥ ಆಯ್ಕೆ ಉಳಿಯುವ ಸಾಧ್ಯತೆ ಶೇ 79.8, ಹನ್ನೊಂದನೆಯ ಸ್ಥಾನದಲ್ಲಿದ್ದರೆ ಶೇ 9.4 ಮಾತ್ರ. ಒಂದೇ ಒಂದು ಸ್ಥಾನಕ್ಕೆ ಶೇ 70 ಅಂತರ! ಆಯ್ಕೆ ಉಳಿಯಿತು. ಹತ್ತರಿಂದ ಹನ್ನೆರಡಕ್ಕೆ ವಿನಿಮಯ ಮಾಡಿಕೊಂಡು ಡೆರೆಕ್ ಲೈವ್ಲಿಯನ್ನು ತಂದರು. ಮರುವರ್ಷ ಅವನನ್ನು ಇಟ್ಟುಕೊಂಡೇ ಫೈನಲ್ ಆಡಿದರು. ಆ ಆಯ್ಕೆಗೆ 7,50,000 ಡಾಲರ್ ಬೆಲೆ ಕೇಳಿದ್ದರೆ ಮೂವತ್ತೂ ತಂಡಗಳು ಸಾಲಾಗಿ ನಿಲ್ಲುತ್ತಿದ್ದವು.

2023-24ರಿಂದ ಆಟಗಾರರ ಹಾಜರಾತಿ ನೀತಿ ಅಂತ ಒಂದು ಬಂದಿದೆ. ಹಿಂದಿನ ಮೂರು ಋತುಗಳಲ್ಲಿ ಆಲ್-ಸ್ಟಾರ್ ಅಥವಾ ಆಲ್-ಎನ್‌ಬಿಎ ಗೌರವ ಪಡೆದವರನ್ನು ಕಾರಣವಿಲ್ಲದೆ ಕೂರಿಸಿದರೆ ಮೊದಲ ಸಲ 1 ಲಕ್ಷ ಡಾಲರ್, ಎರಡನೆಯ ಸಲ 2.5 ಲಕ್ಷ, ಮುಂದೆ ಪ್ರತಿ ಸಲವೂ ಹಿಂದಿನದಕ್ಕಿಂತ 10 ಲಕ್ಷ ಹೆಚ್ಚು. 2025ರ ಮಾರ್ಚ್‌ನಲ್ಲಿ ಯೂಟಾ ಜಾಝ್ ಲೌರಿ ಮಾರ್ಕನೆನ್ ವಿಷಯದಲ್ಲಿ 1 ಲಕ್ಷ ಕಟ್ಟಿತು, ಋತುವನ್ನು 17 ಗೆಲುವು, 65 ಸೋಲಿನೊಂದಿಗೆ ಲೀಗ್‌ನಲ್ಲೇ ಕೊನೆಯವರಾಗಿ ಮುಗಿಸಿತು. ಚಾಪೆ ಕೆಳಗೆ ತೂರುವವರಿಗೆ ತಡೆ ಹಾಕಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ: ತಾರೆಯರೇ ಇಲ್ಲದ ತಂಡಕ್ಕೆ ಈ ನೀತಿ ತಾಗುವುದೇ ಇಲ್ಲ.

ಶಿಕ್ಷೆ ಒಂದು ಕಡೆ, ನಿಯಮ ಇನ್ನೊಂದು ಕಡೆ ಎನ್ನುವುದು ನಮ್ಮವರಿಗೂ ತಟ್ಟಿದ ವಿಷಯ. 2012ರ ಲಂಡನ್ ಒಲಿಂಪಿಕ್ಸ್ ಬ್ಯಾಡ್ಮಿಂಟನ್ ಮಹಿಳಾ ಡಬಲ್ಸ್‌ನಲ್ಲಿ ಕ್ವಾರ್ಟರ್‌ಫೈನಲ್‌ನಲ್ಲಿ ಸುಲಭದ ಎದುರಾಳಿ ಸಿಗಲಿ ಎಂದು ಗುಂಪಿನ ಕೊನೆಯ ಪಂದ್ಯ ಸೋಲಲು ನೋಡಿದ ನಾಲ್ಕು ಜೋಡಿಗಳನ್ನು, ಅಂದರೆ ಎಂಟು ಜನರನ್ನು, ಕೂಟದಿಂದ ಹೊರಹಾಕಿದರು. ಅದೇ ಕೂಟದಲ್ಲಿ ಜ್ವಾಲಾ ಗುಟ್ಟಾ ಜೊತೆ ನಮ್ಮ ಅಶ್ವಿನಿ ಪೊನ್ನಪ್ಪ ಎರಡು ಪಂದ್ಯ ಗೆದ್ದೂ ಅಂಕಗಳ ಲೆಕ್ಕದಲ್ಲಿ ಗುಂಪಿನಲ್ಲೇ ಹೊರಬಿದ್ದರು. ಜಪಾನ್ ಜೋಡಿ ತೈವಾನ್ ಜೋಡಿಗೆ ಸೋತ ರೀತಿಯ ಬಗ್ಗೆ ಭಾರತ ದೂರು ಕೊಟ್ಟಿತು, ಫಲ ಸಿಗಲಿಲ್ಲ. ಶಿಕ್ಷೆಗಿಂತ ಮುಖ್ಯವಾದ ಕೆಲಸ ಆಮೇಲೆ ಆಯಿತು: ಗುಂಪಿನಲ್ಲಿ ಎರಡನೆಯವರಾದವರಿಗೆ ಎದುರಾಳಿ ಯಾರು ಎನ್ನುವುದನ್ನು ಗುಂಪಿನ ಹಂತ ಮುಗಿದ ನಂತರ ಚೀಟಿ ಎತ್ತಿ ನಿರ್ಧರಿಸುವ ಪದ್ಧತಿ ಬಂತು. ಸೋತು ಎದುರಾಳಿಯನ್ನು ಆರಿಸಿಕೊಳ್ಳುವ ದಾರಿ ಮುಚ್ಚಿತು.

ಎನ್‌ಬಿಎ ಕೂಡ ಇಂಥದ್ದೇ ದಾರಿ ಹಿಡಿದು ಹಲವು ಸಲ ತಿದ್ದಿಕೊಂಡಿದೆ. 1984ರವರೆಗೆ ಎರಡೂ ವಿಭಾಗಗಳ ಕೊನೆಯ ತಂಡಗಳ ನಡುವೆ ನಾಣ್ಯ ಚಿಮ್ಮುತ್ತಿದ್ದರು. ಹ್ಯೂಸ್ಟನ್ ರಾಕೆಟ್ಸ್ ಆ ವರ್ಷ ಬೇಕೆಂದೇ ಸೋತಿತು ಎಂಬ ಆರೋಪ ಬಂದ ಮೇಲೆ 1985ರಲ್ಲಿ ಲಾಟರಿ ಶುರುವಾಯಿತು. ಪ್ಲೇಆಫ್‌ಗೆ ಹೋಗದ ಏಳೂ ತಂಡಗಳಿಗೆ ಸಮಾನ ಅವಕಾಶ. ದುರ್ಬಲರಿಗೆ ಅನ್ಯಾಯ ಎಂಬ ಕೂಗಿಗೆ 1990ರಲ್ಲಿ ಕೆಳಗಿನವರಿಗೆ ಲಾಟರಿಯಲ್ಲಿ ಹೆಚ್ಚು ಚೆಂಡು, ಅಂದರೆ ಹೆಚ್ಚು ಅವಕಾಶ, ಕೊಟ್ಟರು. 1993ರಲ್ಲಿ 41 ಗೆದ್ದು 41 ಸೋತ ಒರ್ಲ್ಯಾಂಡೊ ಮ್ಯಾಜಿಕ್ 66ರಲ್ಲಿ ಒಂದು ಚೆಂಡಿನಿಂದ, ಸತತ ಎರಡನೆಯ ವರ್ಷ, ಮೊದಲ ಆಯ್ಕೆ ಗೆದ್ದಾಗ ಮತ್ತೆ ಗದ್ದಲವಾಗಿ ಕೊನೆಯ ತಂಡದ ಅವಕಾಶವನ್ನು ಶೇ 25ಕ್ಕೆ ಏರಿಸಿದರು. ಆ ಏರಿಕೆಯ ಫಲವೇ ಫಿಲಡೆಲ್ಫಿಯಾ: 2013-14ರಿಂದ ಮೂರು ಋತುಗಳಲ್ಲಿ ಗೆಲುವುಗಳು 19, 18, 10.

2019ರ ಡ್ರಾಫ್ಟ್‌ನಿಂದ ಜಾರಿಗೆ ಬಂದ ತಿದ್ದುಪಡಿಯನ್ನು ಚೆನ್ನಾಗಿ ತಿಳಿದುಕೊಳ್ಳಬೇಕು, ಏಕೆಂದರೆ ಅದು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎನ್ನುವುದು ಅಂಕಿಗಳಲ್ಲೇ ಇದೆ. 1ರಿಂದ 14ರವರೆಗಿನ ಚೆಂಡುಗಳಲ್ಲಿ ನಾಲ್ಕನ್ನು ಎತ್ತುತ್ತಾರೆ. ಕ್ರಮ ಲೆಕ್ಕಕ್ಕಿಲ್ಲವಾದ್ದರಿಂದ 1001 ಜೋಡಣೆಗಳು. ಒಂದನ್ನು ಬಿಟ್ಟು 1000ವನ್ನು 14 ತಂಡಗಳಿಗೆ ಹಂಚುತ್ತಾರೆ. ಕೊನೆಯ ಮೂರು ತಂಡಗಳಿಗೆ ತಲಾ 140, ಅಂದರೆ ಶೇ 14. ನಾಲ್ಕನೆಯದಕ್ಕೆ 12.5, ಐದನೆಯದಕ್ಕೆ 10.5, ಹೀಗೆ ಇಳಿಯುತ್ತಾ ಹದಿನಾಲ್ಕನೆಯದಕ್ಕೆ 0.5. ಲಾಟರಿ ಎತ್ತುವುದು ಮೊದಲ ನಾಲ್ಕು ಆಯ್ಕೆಗಳಿಗೆ, ಉಳಿದವು ಸೋಲಿನ ಕ್ರಮದಲ್ಲಿ. ಕೊನೆಯ ತಂಡಕ್ಕೂ ಕೆಳಗಿನಿಂದ ನಾಲ್ಕನೆಯದಕ್ಕೂ ಮೊದಲ ಆಯ್ಕೆಯ ಅವಕಾಶದಲ್ಲಿ ಮೊದಲು ಶೇ 13ರಷ್ಟು ಅಂತರವಿತ್ತು, ಈಗ 1.5. ಇದು ನಿಜವಾದ ಸುಧಾರಣೆ. 2023, 2024ರಲ್ಲಿ ಡೆಟ್ರಾಯ್ಟ್, 2025ರಲ್ಲಿ ಯೂಟಾ, ಕೊನೆಯವರಾಗಿದ್ದೂ ಐದನೆಯ ಆಯ್ಕೆಗೆ ಜಾರಿದವು. 2025ರಲ್ಲಿ ಮೊದಲ ಆಯ್ಕೆ ಹೋದದ್ದು ಶೇ 1.8 ಅವಕಾಶವಿದ್ದ ಡಲ್ಲಾಸ್‌ಗೆ.

ಹಾಗಿದ್ದೂ ಸೋಲುವ ಓಟ ನಿಂತಿಲ್ಲವೇಕೆ? ಒಂದು, ನೆಲ ಉಳಿದಿದೆ. ಕೊನೆಯ ತಂಡ ಐದಕ್ಕಿಂತ ಕೆಳಗೆ ಬೀಳುವಂತಿಲ್ಲ, ನಾಲ್ಕನೆಯದು ಎಂಟರವರೆಗೂ ಬೀಳಬಹುದು. ಮೊದಲ ಆಯ್ಕೆಗಾಗಿ ಅಲ್ಲದಿದ್ದರೂ ಈ ಭದ್ರತೆಗಾಗಿ ಸೋಲು ಬೇಕು. ಎರಡು, ಕೆಳಗಿನಿಂದ ಐದರಿಂದ ಹತ್ತನೆಯ ಸ್ಥಾನದ ತಂಡಗಳಿಗೆ ಮೊದಲಿಗಿಂತ ಹೆಚ್ಚಿನ ಆಸೆ ಹುಟ್ಟಿದೆ. ಓಟಕ್ಕೆ ಇಳಿಯುವವರು ಹೆಚ್ಚಿದ್ದಾರೆ. ಮೂರನೆಯದು ಡಲ್ಲಾಸ್ ಪ್ರಕರಣದಲ್ಲಿ ಕಂಡ ಷರತ್ತಿನ ಆಯ್ಕೆಗಳು, ಇವನ್ನು 2019ರಲ್ಲಿ ಯಾರೂ ಮುಟ್ಟಲೇ ಇಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು ಇದೇ. ಲಾಟರಿಯಲ್ಲಿ ಲಾಭ ಇಳಿಜಾರಿನಂತೆ ಏರಿಳಿಯುತ್ತದೆ, ಷರತ್ತಿನಲ್ಲಿ ಅದು ಪ್ರಪಾತ.

ಆದ್ದರಿಂದ ಮೊದಲ ಕೆಲಸ ಅಲ್ಲಿಂದಲೇ. ಆಯ್ಕೆಯನ್ನು ಬರೆದುಕೊಡುವಾಗ ಷರತ್ತು ಎರಡೇ ಬಗೆಯದಿರಲಿ: ಮೊದಲ ನಾಲ್ಕರೊಳಗೆ ಬಂದರೆ ನನ್ನದು, ಅಥವಾ ಮೊದಲ ಹದಿನಾಲ್ಕರೊಳಗೆ ಬಂದರೆ ನನ್ನದು. ನಾಲ್ಕರೊಳಗೆ ಬರುವುದನ್ನು ಚೆಂಡು ನಿರ್ಧರಿಸುತ್ತದೆ, ಒಂದು ಸೋಲಿನಿಂದ ಹೆಚ್ಚೇನೂ ಬದಲಾಗದು. ಹದಿನಾಲ್ಕರ ಗಡಿ ಎಂದರೆ ಪ್ಲೇಆಫ್ ಗಡಿಯೇ. ಅಲ್ಲಿ ಬೇಕೆಂದು ಸೋಲುವ ತಂಡ ಪ್ಲೇಆಫ್ ಟಿಕೆಟ್ ಮಾರಾಟದ ಹಣವನ್ನೂ ಅಭಿಮಾನಿಗಳನ್ನೂ ಕಳೆದುಕೊಳ್ಳುವುದರಿಂದ ತಡೆ ತಾನಾಗಿಯೇ ಇದೆ. ನಡುವಿನ 'ಮೊದಲ ಎಂಟು', 'ಮೊದಲ ಹತ್ತು' ಪೂರ್ತಿ ಹೋಗಬೇಕು.

ಎರಡನೆಯದು, ಲಾಟರಿಯ ಕ್ರಮಕ್ಕೆ ಒಂದು ಋತುವಿನ ಬದಲು ಎರಡು ಋತುಗಳ ಒಟ್ಟು ಫಲಿತಾಂಶ. ಮಹಿಳೆಯರ ಲೀಗ್ ಆದ ಡಬ್ಲ್ಯುಎನ್‌ಬಿಎ ಇದನ್ನು ಆಗಲೇ ಮಾಡುತ್ತಿದೆ. ಏಪ್ರಿಲ್‌ನ ಒಂದು ಸೋಲು 82ರ ಬದಲು 164 ಪಂದ್ಯಗಳಲ್ಲಿ ಕರಗುತ್ತದೆ. ಗಾಯದ ಒಂದು ವರ್ಷವನ್ನು ಲಾಭಕ್ಕೆ ತಿರುಗಿಸುವುದೂ ತಪ್ಪುತ್ತದೆ: 1995-96ರಲ್ಲಿ 59 ಗೆದ್ದಿದ್ದ ಸ್ಯಾನ್ ಆಂಟೋನಿಯೊ, ಡೇವಿಡ್ ರಾಬಿನ್‌ಸನ್ ಗಾಯಗೊಂಡ ಮರುವರ್ಷ 20 ಮಾತ್ರ ಗೆದ್ದು ಟಿಮ್ ಡಂಕನ್‌ನನ್ನು ಪಡೆಯಿತು. ಎರಡು ವರ್ಷ ಕೂಡಿದರೆ ಅದು 79 ಗೆಲುವು, 85 ಸೋಲಿನ ತಂಡ, ಅಂದರೆ ದುರ್ಬಲ ತಂಡವೇ ಅಲ್ಲ. ಇಲ್ಲೂ ತೊಡಕಿದೆ: ಎರಡು ವರ್ಷ ಸೋಲಲು ಸಿದ್ಧವಿರುವ ಮಾಲೀಕನನ್ನು ಇದು ತಡೆಯದು, ಫಿಲಡೆಲ್ಫಿಯಾ ಮೂರು ವರ್ಷ ಸೋತಿತು. ಅದಕ್ಕಾಗಿ ಇದರ ಜೊತೆಗೆ ಒಂದು ಕಟ್ಟು ಬೇಕು: ಒಮ್ಮೆ ಮೊದಲ ನಾಲ್ಕರಲ್ಲಿ ಆರಿಸಿದ ತಂಡ ಮರುವರ್ಷ ಮತ್ತೆ ನಾಲ್ಕರೊಳಗೆ ಬರುವಂತಿಲ್ಲ.

ಮೂರನೆಯದು ನೆಲವನ್ನು ಸಡಿಲಿಸುವುದು. ಲಾಟರಿಯನ್ನು ನಾಲ್ಕರ ಬದಲು ಎಂಟು ಆಯ್ಕೆಗಳಿಗೆ ಎತ್ತಿದರೆ ಕೊನೆಯ ತಂಡ ಒಂಬತ್ತರವರೆಗೂ ಜಾರಬಹುದು. ಇದು ಕಠಿಣ, ನಿಜ. ಪ್ರಾಮಾಣಿಕವಾಗಿ ದುರ್ಬಲವಾದ ತಂಡಕ್ಕೆ ಪೆಟ್ಟು ಬೀಳುತ್ತದೆ. ಎರಡು ವರ್ಷದ ಲೆಕ್ಕ ಜಾರಿಯಾದ ಮೇಲೂ ಓಟ ನಿಲ್ಲದಿದ್ದರೆ ಮಾತ್ರ ಇದನ್ನು ಹಿಡಿಯಬೇಕು ಎಂದು ನನ್ನ ಮತ.

ಇನ್ನು ಎಲ್ಲರೂ ಹೇಳುವ ಬೇರೆ ಉಪಾಯಗಳು. ಪ್ಲೇಆಫ್ ಆಸೆ ಕಳೆದುಕೊಂಡ ಮೇಲೆ ಗೆದ್ದ ಅಂಕಗಳ ಮೇಲೆ ಡ್ರಾಫ್ಟ್ ಕ್ರಮ ಕೊಡುವುದು, ಆಡಮ್ ಗೋಲ್ಡ್ ಎಂಬ ಸಂಶೋಧಕ ಸೂಚಿಸಿದ್ದು. ಮಹಿಳಾ ಐಸ್ ಹಾಕಿಯ ಪಿಡಬ್ಲ್ಯುಎಚ್‌ಎಲ್ 2024ರಿಂದ ಬಳಸುತ್ತಿದೆ, ಮೊದಲ ವರ್ಷ ಕೊನೆಗೆ ಬಂದ ನ್ಯೂಯಾರ್ಕ್ ತಂಡವೇ ಇದರಲ್ಲಿ ಗೆದ್ದು ಮೊದಲ ಆಯ್ಕೆ ಪಡೆಯಿತು. ಅಂದದ ಯೋಚನೆ. ಆದರೆ ಎನ್‌ಬಿಎಯಲ್ಲಿ ಪ್ಲೇ-ಇನ್ ಸೇರಿ ಪ್ರತಿ ವಿಭಾಗದ 15ರಲ್ಲಿ 10 ತಂಡಗಳಿಗೆ ಆಸೆ ಉಳಿಯುವುದರಿಂದ ಹೊರಬೀಳುವುದು ತಡ, ಎಣಿಸಲು ಉಳಿಯುವ ಪಂದ್ಯಗಳು ಕಡಿಮೆ. ಬೇಗ ಹೊರಬಿದ್ದರೆ ಅಂಕ ಗಳಿಸಲು ಹೆಚ್ಚು ಪಂದ್ಯ ಸಿಗುವುದರಿಂದ ಸೋಲಿನ ಆಸೆ ಋತುವಿನ ಆರಂಭಕ್ಕೆ ಸರಿಯುವ ಭಯವೂ ಇದೆ. ಬಾಸ್ಟನ್ ಸೆಲ್ಟಿಕ್ಸ್‌ನ ಮೈಕ್ ಜಾರೆನ್ ಮುಂದಿಟ್ಟ ಚಕ್ರ ಪದ್ಧತಿಯಲ್ಲಿ ಪ್ರತಿ ತಂಡಕ್ಕೂ 30 ವರ್ಷಗಳಲ್ಲಿ ಪ್ರತಿ ಸ್ಥಾನ ಒಮ್ಮೆ ಸಿಗುತ್ತದೆ. ಸೋಲಿನ ಲಾಭ ಸೊನ್ನೆಯಾಗುತ್ತದೆ, ನಿಜ. ಆದರೆ ಚಾಂಪಿಯನ್ ತಂಡಕ್ಕೇ ಮೊದಲ ಆಯ್ಕೆ ಸಿಗಬಹುದು, ಕಾಲೇಜಿನ ತಾರೆ ತನಗೆ ಬೇಕಾದ ತಂಡದ ಸರದಿ ಬರುವವರೆಗೆ ಕಾಯಬಹುದು. ಯುರೋಪಿನ ಫುಟ್‌ಬಾಲ್‌ನಂತೆ ಕೆಳ ದರ್ಜೆಗೆ ಇಳಿಸುವುದು ಇಲ್ಲಿ ಸಾಧ್ಯವಿಲ್ಲ: ಕೆಳಗಿರುವ ಜಿ ಲೀಗ್‌ನ ತಂಡಗಳು ಬಹುಪಾಲು ಎನ್‌ಬಿಎ ತಂಡಗಳದ್ದೇ, ಶತಕೋಟಿಗಟ್ಟಲೆ ಡಾಲರ್ ಹೂಡಿದ ಮಾಲೀಕ ತಾನು ಕೆಳಗಿಳಿಯುವ ನಿಯಮಕ್ಕೆ ಮತ ಹಾಕುವುದಿಲ್ಲ.

ಮತದ ಲೆಕ್ಕವನ್ನೂ ಮರೆಯುವಂತಿಲ್ಲ. ಲಾಟರಿ ಬದಲಿಸಲು 30ರಲ್ಲಿ 23 ಮತ ಬೇಕು. 2014ರಲ್ಲಿ ಬಂದ ಸುಧಾರಣೆ 17-13ರಲ್ಲಿ ಬಿದ್ದುಹೋಯಿತು, ಹೆಸರಾಂತ ಆಟಗಾರರು ತಾವಾಗಿ ಬಂದು ಸೇರದ ಸಣ್ಣ ನಗರಗಳಿಗೆ ಡ್ರಾಫ್ಟ್ ಬಿಟ್ಟರೆ ಬೇರೆ ದಾರಿಯಿಲ್ಲ ಎಂಬ ಭಯದಿಂದ. 2017ರಲ್ಲಿ ಅದೇ ದಿಕ್ಕಿನ ಪ್ರಸ್ತಾಪ 28-1ರಲ್ಲಿ ಗೆದ್ದಿತು. ಆಯ್ಕೆಗಳನ್ನು ಏಳು ವರ್ಷ ಮುಂಚಿತವಾಗಿಯೂ ವಿನಿಮಯ ಮಾಡಬಹುದಾದ್ದರಿಂದ ಈಗಾಗಲೇ ಬರೆದುಕೊಟ್ಟ ಷರತ್ತುಗಳನ್ನು ನಡುವೆ ಮುರಿಯಲು ಯಾರೂ ಒಪ್ಪುವುದಿಲ್ಲ. ಷರತ್ತಿನ ನಿಯಮ ಹೊಸ ಒಪ್ಪಂದಗಳಿಗೆ ಮಾತ್ರ, ಎರಡು ವರ್ಷದ ಲೆಕ್ಕ ಒಂದು ಋತುವಿನ ಮುನ್ಸೂಚನೆಯ ನಂತರ ಎಂದು ಬರೆದರೆ 23 ಮತ ಸಿಗುವ ಸಾಧ್ಯತೆ ಇದೆ.