ಟ್ರೇಲರ್ ಬಾಲ ಬೀಸುವುದು ಯಾಕೆ? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಮಲಗಲು, ಅಡುಗೆ ಮಾಡಲು ಜಾಗವಿರುವ ಕ್ಯಾರವಾನ್ ಟ್ರೇಲರ್ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ತೂಕದಿಂದ ಶುರುಮಾಡಿ ಬ್ರೇಕು, ಬ್ಯಾಟರಿ, ಗ್ಯಾಸ್, ಸೋರಿಕೆ, ನೋಂದಣಿ ಎಂದು ಕೇಳಿದವರಿಗೂ ಇಲ್ಲಿ ಉತ್ತರವಿದೆ.

ನಮ್ಮದು ಒಂದೇ ಆಕ್ಸಲ್‌ನ ಟ್ರೇಲರ್, ಸಾಮಾನು ಸೇರಿ 1,100 ಕೆಜಿ. ತುಮಕೂರು ರಸ್ತೆಯಲ್ಲಿ ವೇಗ 75 ದಾಟಿದರೆ ಹಿಂದೆ ಅತ್ತಿತ್ತ ಬೀಸತೊಡಗುತ್ತದೆ. ಲಾರಿ ಪಕ್ಕದಲ್ಲಿ ಹಾದುಹೋದರಂತೂ ಸ್ಟಿಯರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. 80 ಲೀಟರ್ ನೀರಿನ ಟ್ಯಾಂಕ್ ಹಿಂಬದಿ ಮಂಚದ ಕೆಳಗಿದೆ, ಹಿಂಗೋಡೆಗೆ ಎರಡು ಸೈಕಲ್ ಇವೆ. ಇನ್ನೂ ಶಕ್ತಿಯ ಕಾರು ಕೊಳ್ಳಬೇಕೆ? (ರಾಜಾಜಿನಗರ)

ಬೇಡ. ಕಾರು ಬದಲಿಸಿದರೂ ಬೀಸುವುದು ನಿಲ್ಲುವುದಿಲ್ಲ, ಇನ್ನಷ್ಟು ವೇಗದಲ್ಲಿ ಬೀಸುತ್ತದೆ ಅಷ್ಟೆ. ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದು ಗೊತ್ತು: ಹಿಂಭಾರವಾದರೆ ನೊಗ ಮೇಲೇಳುತ್ತದೆ. ನಿಮ್ಮ ಟ್ರೇಲರ್‌ನಲ್ಲೂ ಆಗುತ್ತಿರುವುದು ಅದೇ. ಕಾರಿಗೂ ಟ್ರೇಲರ್‌ಗೂ ನಡುವಿನ ಕೊಂಡಿಯ ಮೇಲೆ ಕೆಳಮುಖವಾಗಿ ಬೀಳಬೇಕಾದ ಭಾರ, ಅಂದರೆ ಮೂಗುಭಾರ, ನಿಮ್ಮಲ್ಲಿ ಉಳಿದೇ ಇಲ್ಲ.

ಲೆಕ್ಕ ಹಾಕಿ ನೋಡಿ. ಟ್ಯಾಂಕಿನ ನಡುಭಾಗ ಆಕ್ಸಲ್‌ನಿಂದ 1.8 ಮೀಟರ್ ಹಿಂದೆ, ಕೊಂಡಿ ಆಕ್ಸಲ್‌ನಿಂದ 3.2 ಮೀಟರ್ ಮುಂದೆ ಇದೆ ಎಂದುಕೊಳ್ಳೋಣ. ತುಂಬಿದ ಟ್ಯಾಂಕ್ ಮೂಗಿನಿಂದ 80 × 1.8 ÷ 3.2, ಅಂದರೆ 45 ಕೆಜಿ ಎತ್ತಿಬಿಡುತ್ತದೆ. ಸೈಕಲ್, ಸ್ಟ್ಯಾಂಡ್ ಎಲ್ಲ ಸೇರಿ 40 ಕೆಜಿ 2.3 ಮೀಟರ್ ಹಿಂದೆ ನೇತಾಡುತ್ತಿದ್ದರೆ ಇನ್ನೊಂದು 29 ಕೆಜಿ. ಖಾಲಿ ಇದ್ದಾಗ 85 ಕೆಜಿ ಇದ್ದ ಮೂಗುಭಾರ 11ಕ್ಕೆ ಇಳಿಯಿತು. ನಿಮ್ಮ ಟ್ರೇಲರ್‌ನ ಅಳತೆ ಹಿಡಿದು ಇದೇ ಲೆಕ್ಕ ನೀವೂ ಮಾಡಿ.

ಎಷ್ಟಿರಬೇಕು? ಯುರೋಪ್ ಮಾದರಿಯ ಹಗುರ ಟ್ರೇಲರ್‌ಗಳಲ್ಲಿ ಒಟ್ಟು ತೂಕದ ಶೇ 5ರಿಂದ 7, ಅಮೆರಿಕದ ಮಾದರಿಯವುಗಳಲ್ಲಿ ಶೇ 10ರಿಂದ 15 ಎಂಬುದು ರೂಢಿ. ನಿಮ್ಮ 1,100 ಕೆಜಿಗೆ, ಯುರೋಪ್ ಲೆಕ್ಕದ ಮೇಲಂಚಿನಿಂದ ತುಸು ಮೇಲಿನವರೆಗೆ, 75ರಿಂದ 90 ಕೆಜಿ ಇಟ್ಟುಕೊಳ್ಳಿ. ಆದರೆ ಕೊಂಡಿಯ ಪಟ್ಟಿಯ ಮೇಲೆ 'ಎಸ್' ಎಂದು ಒತ್ತಿರುವ ಅಂಕಿಯನ್ನೂ ಕಾರು ತಯಾರಕರು ಹೇಳಿದ ಮಿತಿಯನ್ನೂ ಮೀರಬೇಡಿ. ಮೂಗುಭಾರ ವಿಪರೀತವಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಹೋಗುತ್ತದೆ, ಅದೂ ಒಳ್ಳೆಯದಲ್ಲ.

ಅಳೆಯಲು ಲಾರಿ ತೂಗುವ ವೇಬ್ರಿಡ್ಜ್ ಸಾಲದು. ಅದು ತೋರಿಸುವುದು 5 ಅಥವಾ 10 ಕೆಜಿಯ ಹೆಜ್ಜೆಯಲ್ಲಿ, ಒಟ್ಟು ತೂಕಕ್ಕೆ ಮಾತ್ರ ಅದು ಸರಿ. ಮೂಗುಭಾರಕ್ಕೆ ಮನೆಯಲ್ಲಿ ಮೈತೂಕ ನೋಡುವ ತಕ್ಕಡಿ ಸಾಕು. ಸಮತಟ್ಟಾದ ನೆಲದಲ್ಲಿ ಟ್ರೇಲರ್ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಕಾರಿನ ಕೊಂಡಿಯ ಗುಂಡು ಇರುವ ಎತ್ತರಕ್ಕೇ ಮೂಗು ನಿಲ್ಲುವಂತೆ ಮರದ ತುಂಡೊಂದನ್ನು ಕತ್ತರಿಸಿ ತಕ್ಕಡಿಯ ಮೇಲೆ ನೆಟ್ಟಗೆ ಇಟ್ಟು, ಮುಂಚಕ್ರವನ್ನು (ನಿಲ್ಲಿಸಿದಾಗ ಮೂಗಿಗೆ ಆಸರೆಯಾಗುವ ಪುಟ್ಟ ಚಕ್ರ) ಮೆಲ್ಲಗೆ ಮೇಲೆತ್ತಿ. ಪೂರ್ತಿ ಭಾರ ಮರದ ತುಂಡಿಗೆ ಬಂದಾಗ ಕಾಣುವ ಅಂಕಿಯೇ ನಿಮ್ಮ ಮೂಗುಭಾರ. ಹೊರಡುವ ದಿನದ ಸಾಮಾನು, ನೀರು, ಗ್ಯಾಸ್ ಎಲ್ಲ ಒಳಗಿರಲಿ. ಖಾಲಿ ಟ್ರೇಲರ್ ತೂಗಿ ಪ್ರಯೋಜನವಿಲ್ಲ.

ಪರಿಹಾರ ಪುಕ್ಕಟೆ. ಹೊರಡುವಾಗ ಟ್ಯಾಂಕಿನಲ್ಲಿ 10 ಲೀಟರ್ ಸಾಕು, ತಂಗುವ ಊರಿನ ಹತ್ತಿರ ತುಂಬಿಸಿಕೊಳ್ಳಿ. ಸೈಕಲ್ ಕಾರಿನ ತಲೆಯ ಮೇಲೆ ಹೋಗಲಿ. ಅಕ್ಕಿ ಮೂಟೆ, ಟೂಲ್ ಬಾಕ್ಸ್, ಬ್ಯಾಟರಿ ಆಕ್ಸಲ್ ಮೇಲೆ ಅಥವಾ ತುಸು ಮುಂದೆ, ನೆಲದ ಮಟ್ಟದಲ್ಲಿರಲಿ. ಹಿಂದಿನ ಭಾರಕ್ಕೆ ಸಮವಾಗಲೆಂದು ಮೂಗಿನ ತುದಿಯಲ್ಲೂ ಭಾರ ತುಂಬುವವರಿದ್ದಾರೆ. ತಕ್ಕಡಿ ಸರಿಯಾದ ಅಂಕಿ ತೋರಿಸಿದರೂ, ಎರಡು ತುದಿಗೂ ಭಾರ ಹೇರಿದ ಟ್ರೇಲರ್ ಒಮ್ಮೆ ಬೀಸಲು ಶುರುಮಾಡಿದರೆ ನಿಲ್ಲಿಸುವುದು ಬಲು ಕಷ್ಟ.

ಇಷ್ಟಾದ ಮೇಲೂ ಬೀಸಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟಿಯರಿಂಗ್ ನೇರವಾಗಿ ಹಿಡಿದುಕೊಳ್ಳಿ. ಅತ್ತ ಬೀಸಿದಾಗ ಇತ್ತ ತಿರುಗಿಸಲು ಹೋಗಬೇಡಿ, ಕಾರಿನ ಬ್ರೇಕ್ ಗಟ್ಟಿಯಾಗಿ ತುಳಿಯಬೇಡಿ. ವೇಗ ಹೆಚ್ಚಿಸಿದರೆ ಸರಿಹೋಗುತ್ತದೆ ಎನ್ನುವ ಸಲಹೆಗೆ ಕಿವಿಗೊಡಬೇಡಿ. ಟ್ರೇಲರ್‌ಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಡ್ಯಾಶ್‌ಬೋರ್ಡಿನ ಕೈಗುಂಡಿಯಿಂದ ಅದನ್ನು ಮಾತ್ರ ಹಿಡಿಸಬಹುದು. ಮಾಮೂಲಿ ಓಟಕ್ಕೆ ಗಂಟೆಗೆ 60ರಿಂದ 70 ಕಿ.ಮೀ. ಸಾಕು.

ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬಂತು. ಕಾರು ಎರಡನೇ ಗೇರಿನಲ್ಲೇ ಇತ್ತು, ಕಾಲು ಬ್ರೇಕ್ ಮೇಲೆ ಇಟ್ಟಿದ್ದೇ ಕಡಿಮೆ. ಹಾಗಿದ್ದರೂ ಯಾಕೆ? (ವಿಜಯನಗರ)

ವಾಸನೆ ಕಾರಿನದಲ್ಲ, ಟ್ರೇಲರ್‌ನದ್ದಿರಬೇಕು. ಕೊಂಡಿ ಒತ್ತಿದಾಗ ತಾನಾಗಿ ಹಿಡಿಯುವ ಬ್ರೇಕ್ ನಿಮ್ಮದಾದರೆ, ಇಳಿಜಾರಿನಲ್ಲಿ ಕಾರನ್ನು ಎಂಜಿನ್ ತಡೆದಷ್ಟೂ ಟ್ರೇಲರ್ ಹಿಂದಿನಿಂದ ಒತ್ತುತ್ತದೆ, ಒತ್ತಿದಷ್ಟೂ ಅದರ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಕೆಳಗಿನ ಗೇರು ಕಾರಿನ ಬ್ರೇಕನ್ನು ಉಳಿಸಿತು, ಟ್ರೇಲರ್‌ನದ್ದನ್ನಲ್ಲ. 1,100 ಕೆಜಿಯ ಟ್ರೇಲರ್ 700 ಮೀಟರ್ ಕೆಳಗಿಳಿದರೆ ಸುಮಾರು 2 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಹೊರಹೋಗಬೇಕು. ಅದರಲ್ಲಿ ದೊಡ್ಡ ಪಾಲು ಚಕ್ರದೊಳಗಿನ ಎರಡು ಪುಟ್ಟ ಬ್ರೇಕ್ ಡ್ರಮ್‌ಗಳಲ್ಲಿ ಶಾಖವಾಗುತ್ತದೆ.

ಶಾಖ ಹೊರಹೋಗಲು ಸಮಯ ಕೊಡುವುದೇ ಉಪಾಯ. 25–30ರ ವೇಗದಲ್ಲಿ ಇಳಿಯಿರಿ, ಅಗಲ ಜಾಗ ಸಿಕ್ಕಲ್ಲಿ ಕಾಲು ಗಂಟೆ ನಿಲ್ಲಿಸಿ. ನಿಲ್ಲಿಸಿದಾಗ ಟ್ರೇಲರ್‌ನ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಚಕ್ರಕ್ಕೆ ಕಲ್ಲು ಕೊಡಿ. ಕಾದ ಡ್ರಮ್ ಮೇಲೆ ಬ್ರೇಕ್ ಶೂ ಒತ್ತಿ ಕೂತರೆ ಅಂಟಿಕೊಳ್ಳುತ್ತದೆ. ನೀರು ಸುರಿಯುವುದಂತೂ ಬೇಡವೇ ಬೇಡ, ಡ್ರಮ್ ಸೀಳುತ್ತದೆ. ಅಂಗೈ ಹಿಂಬದಿಯನ್ನು ಎರಡೂ ಹಬ್‌ಗಳ ಹತ್ತಿರ ಹಿಡಿದು ನೋಡಿ, ಮುಟ್ಟಬೇಡಿ. ಎರಡೂ ಒಂದೇ ಸಮ ಕಾದಿದ್ದರೆ ಇಳಿದ ರೀತಿಯ ತಪ್ಪು. ಒಂದೇ ಕಾದಿದ್ದರೆ ಆ ಕಡೆಯ ಶೂ ಸಿಕ್ಕಿಕೊಂಡಿದೆ, ಇಲ್ಲವೇ ಬೇರಿಂಗ್ ಒಣಗಿದೆ. ಬೇರಿಂಗ್‌ಗೆ ವರ್ಷಕ್ಕೊಮ್ಮೆ ಹೊಸ ಗ್ರೀಸ್ ಹಾಕಿಸಿ. ಚಕ್ರ ಬಿಚ್ಚಿ ಹಾಕಿಸಿದ್ದರೆ 80 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಬಿಗಿಯಿರಿ. ಆಗುಂಬೆಯ 14 ತಿರುವುಗಳಿಗೆ ಟ್ರೇಲರ್ ಕಟ್ಟಿಕೊಂಡು ಹೋಗುವ ಯೋಚನೆ ಇದ್ದರೆ ಬಿಡಿ.

ಕನಕಪುರ ರಸ್ತೆಯ ಹಂಪ್ ದಾಟುವಾಗ ಟ್ರೇಲರ್‌ನ ಮುಂಚಕ್ರ ನೆಲಕ್ಕೆ ಉಜ್ಜುತ್ತದೆ. ಕಪಾಟಿನ ಬಾಗಿಲೂ ತೆರೆದುಕೊಳ್ಳುತ್ತವೆ. (ತಲಘಟ್ಟಪುರ)

ಮುಂಚಕ್ರವನ್ನು ಸುತ್ತಿ ಪೂರ್ತಿ ಮೇಲೆತ್ತಿ, ಕ್ಲ್ಯಾಂಪ್ ಸಡಿಲಿಸಿ ಕೊಳವೆಯನ್ನೂ ಮೇಲಕ್ಕೆಳೆದು ಬಿಗಿ ಮಾಡಿ. ಅನೇಕರು ಮೊದಲನೆಯದನ್ನು ಮಾತ್ರ ಮಾಡುತ್ತಾರೆ. ಹೆದ್ದಾರಿ ನಿಯಮದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರುತ್ತದೆ, ಅದರಿಂದ ತೊಂದರೆಯಿಲ್ಲ. ಊರವರೇ ಹಾಕಿಕೊಂಡ ಗಿಡ್ಡ, ಕಡಿದಾದ ಹಂಪ್‌ಗಳಲ್ಲೇ ಕಷ್ಟ. ಕಾರು ದಾಟಿತೆಂದು ಆಕ್ಸಿಲರೇಟರ್ ತುಳಿಯಬೇಡಿ, ಟ್ರೇಲರ್ ಚಕ್ರ ಇನ್ನೂ ನಾಲ್ಕೈದು ಮೀಟರ್ ಹಿಂದಿದೆ. ಬಾಗಿಲಿಗೆ ಮ್ಯಾಗ್ನೆಟ್ ಸಾಲದು, ಒತ್ತಿದರೆ ಮಾತ್ರ ಬಿಡುವ ಗುಂಡಿಬೀಗ ಹಾಕಿಸಿ.

ಮನೆಯ ಇನ್ವರ್ಟರ್‌ನ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿಯನ್ನೇ ಟ್ರೇಲರ್‌ನಲ್ಲಿಟ್ಟಿದ್ದೇವೆ. 12 ವೋಲ್ಟ್ ಫ್ರಿಜ್ ಬೆಳಗಿನ ಜಾವ ನಿಂತುಹೋಗುತ್ತದೆ. ಲಿಥಿಯಂ ಹಾಕಿಸಿದರೆ ಎಸಿಯೂ ಓಡುತ್ತದೆಯೇ? (ಜಯನಗರ)

ಬ್ಯಾಟರಿಗೆ ಹಣ ಸುರಿಯುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಕಂಪ್ರೆಸರ್ ಓಡುತ್ತಿರುವಾಗ ಬ್ಯಾಟರಿಯ ತುದಿಯಲ್ಲಿ ಎಷ್ಟು ವೋಲ್ಟ್, ಫ್ರಿಜ್ ಪ್ಲಗ್ಗಿನಲ್ಲಿ ಎಷ್ಟು ಎಂದು ನೋಡಿ. ವ್ಯತ್ಯಾಸ ಅರ್ಧ ವೋಲ್ಟ್ ಇದ್ದರೆ ದೋಷ ತಂತಿಯದು. 1.5 ಚದರ ಮಿ.ಮೀ. ತಂತಿ ಐದು ಮೀಟರ್ ದೂರ ಹೋಗಿ ಬಂದರೆ, ಕಂಪ್ರೆಸರ್ ಶುರುವಾಗುವಾಗಿನ 8 ಆಂಪಿಯರ್‌ಗೆ ಸುಮಾರು 0.9 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 12.2 ಇದ್ದರೂ ಫ್ರಿಜ್‌ಗೆ ಕಾಣುವುದು 11.3, ಅದು ಬ್ಯಾಟರಿ ಬರಿದಾಯಿತೆಂದು ತಾನಾಗಿ ನಿಲ್ಲುತ್ತದೆ. 4 ಚದರ ಮಿ.ಮೀ. ತಂತಿ ಎಳೆಸಿದರೆ ನಷ್ಟ 0.35ಕ್ಕೆ ಇಳಿಯುತ್ತದೆ. ಸಿಗರೇಟ್ ಲೈಟರ್ ಸಾಕೆಟ್ ತೆಗೆದು ಗಟ್ಟಿ ಹಿಡಿಯುವ ಕನೆಕ್ಟರ್ ಹಾಕಿಸಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಫ್ರಿಜ್ ಹತ್ತಿರ ಅಲ್ಲ.

ತಂತಿ ಸರಿಹೋದ ಮೇಲೂ ಟ್ಯೂಬುಲರ್ ಬ್ಯಾಟರಿ ಟ್ರೇಲರ್‌ಗೆ ಹೇಳಿದ್ದಲ್ಲ. ಅದು ಗೋಡೆ ಮೂಲೆಯಲ್ಲಿ ಅಲುಗಾಡದೆ ಕೂರಲು ಮಾಡಿದ್ದು. ಹಂಪ್‌ಗಳಲ್ಲಿ ಆಸಿಡ್ ತುಳುಕುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮುಚ್ಚಿದ ಮಂಚದ ಕೆಳಗೆ ಅದು ಅಪಾಯ. ತೂಕ 50 ಕೆಜಿ ಮೇಲೆ. ಬಾಳಿಕೆ ಬರಬೇಕಾದರೆ 150 × 12, ಅಂದರೆ 1,800 ವ್ಯಾಟ್-ಅವರ್‌ನಲ್ಲಿ ಅರ್ಧ, 900 ಮಾತ್ರ ಬಳಸಬೇಕು. 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹತ್ತು ಹನ್ನೆರಡು ಕೆಜಿ ತೂಗಿ 1,000ಕ್ಕಿಂತ ಹೆಚ್ಚು ಕೊಡುತ್ತದೆ.

ದಿನದ ಖರ್ಚು, ವ್ಯಾಟ್-ಅವರ್ ಲೆಕ್ಕದಲ್ಲಿ, ಹೀಗೆ: 45 ವ್ಯಾಟ್‌ನ ಫ್ರಿಜ್ ಅರ್ಧ ಹೊತ್ತು ಓಡಿದರೆ 540, ಬಿಎಲ್‌ಡಿಸಿ ಫ್ಯಾನ್ ಎಂಟು ಗಂಟೆಗೆ 225, ದೀಪಗಳಿಗೆ 80, ಫೋನು, ಲ್ಯಾಪ್‌ಟಾಪ್, ಪಂಪಿಗೆ 150. ಒಟ್ಟು 1,000ದ ಆಸುಪಾಸು. 200 ವ್ಯಾಟ್‌ನ ಸೋಲಾರ್ ಹಲಗೆ ಒಳ್ಳೆಯ ಬಿಸಿಲಿನಲ್ಲಿ 600–700 ಕೊಡುತ್ತದೆ. ಆಷಾಢದ ಮಳೆಯಲ್ಲಿ ಮಲೆನಾಡಿಗೆ ಹೊರಟರೆ ಅದನ್ನು ನಂಬಬೇಡಿ, ಕಾರಿನಿಂದ ಚಾರ್ಜ್ ಮಾಡಿಕೊಳ್ಳಿ. ಅದಕ್ಕೆ ಕಾರಿನ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಹೊಂದಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು. ಈಗಿನ ಎಷ್ಟೋ ಕಾರುಗಳ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕ) ಇಂಧನ ಉಳಿಸಲು ವೋಲ್ಟೇಜ್ ಇಳಿಸುತ್ತದೆ, ನೇರ ತಂತಿ ಎಳೆದರೆ ಬ್ಯಾಟರಿ ಎಂದೂ ತುಂಬದು. 30 ಆಂಪಿಯರ್ ಚಾರ್ಜರ್‌ಗೆ ಆರು ಮೀಟರ್ ದೂರವಿದ್ದರೆ 16 ಚದರ ಮಿ.ಮೀ. ತಂತಿ ಹಾಕಿಸಿ.

ಎಸಿ? ಇನ್ವರ್ಟರ್ ಎಸಿ ಸರಾಸರಿ 500 ವ್ಯಾಟ್ ತೆಗೆದುಕೊಂಡರೂ ಆರು ಗಂಟೆಗೆ 3,000. ಮೂರು ಬ್ಯಾಟರಿ ಬೇಕು. ಬೇಸಿಗೆಯಲ್ಲಿ ಹಂಪಿಗೆ ಹೋಗುವವರು ಕರೆಂಟ್ ಸಂಪರ್ಕ ಕೊಡುವ ತಂಗುದಾಣ ಹುಡುಕುವುದೇ ಲೇಸು.

ಟ್ರೇಲರ್ ಒಳಗೆ ಗ್ಯಾಸ್ ಇಡಬಹುದೇ? ನೆಲದ ಜಾಲರಿಯಿಂದ ಸೊಳ್ಳೆ ಬರುತ್ತದೆಂದು ಬಟ್ಟೆ ತುರುಕಿದ್ದೇವೆ. (ಬನಶಂಕರಿ)

ಈ ಸಾಲು ಓದಿ ಮುಗಿಸುವ ಮೊದಲು ಆ ಬಟ್ಟೆ ತೆಗೆಯಿರಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನಿಲ್ಲುತ್ತದೆ. ಅದು ಹೊರಹೋಗುವ ದಾರಿಯೇ ಆ ಜಾಲರಿ. ಸೊಳ್ಳೆಗೆ ಸ್ಟೀಲ್ ಬಲೆ ಹಾಕಿ. 5 ಕೆಜಿ ಸಿಲಿಂಡರ್ ಸಾಕು, ಇಬ್ಬರ ಅಡುಗೆಗೆ ಎರಡು ವಾರ ಮೀರಿ ಬರುತ್ತದೆ. ಅದು ಹೊರಗಿನಿಂದ ಮಾತ್ರ ತೆರೆಯುವ, ತಳದಲ್ಲಿ ತೂತಿರುವ ಪೆಟ್ಟಿಗೆಯಲ್ಲಿ ನೆಟ್ಟಗೆ, ಬೆಲ್ಟ್ ಬಿಗಿದು ನಿಂತಿರಲಿ. ಗಾಡಿ ಓಡುವಾಗ ರೆಗ್ಯುಲೇಟರ್ ಆಫ್ ಇರಲಿ. ರಬ್ಬರ್ ಪೈಪನ್ನು ಐದು ವರ್ಷಕ್ಕೆ ಬದಲಿಸಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ.

ಅಪಾರ್ಟ್‌ಮೆಂಟಿನ ಬಯಲಲ್ಲಿ ನಿಲ್ಲಿಸುತ್ತೇವೆ. ಮಳೆಗಾಲ ಮುಗಿದ ಮೇಲೆ ಕಪಾಟಿನಲ್ಲಿ ಮುಗ್ಗಲು ವಾಸನೆ. ಸಿಲಿಕಾನ್ ಹಚ್ಚಿಸಿಯಾಯಿತು. (ವೈಟ್‌ಫೀಲ್ಡ್)

ಸಿಲಿಕಾನ್ ಹಚ್ಚಿದ ಜಾಗಕ್ಕೆ ಮುಂದೆ ಬೇರೆ ಯಾವುದೂ ಅಂಟುವುದಿಲ್ಲ, ಹಾಗಾಗಿ ಮೊದಲ ಕೆಲಸ ಅದನ್ನು ಪೂರ್ತಿ ಕೆರೆದು ತೆಗೆಯುವುದು. ನೀರು ನುಗ್ಗುವ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು. ಪತ್ತೆಗೆ ಒಬ್ಬರು ಹೊರಗೆ ಪೈಪ್ ಹಿಡಿಯಲಿ, ಒಬ್ಬರು ಒಳಗೆ ಟಾರ್ಚ್ ಹಿಡಿಯಲಿ. ಕೆಳಗಿನಿಂದ ಶುರುಮಾಡಿ ಒಂದೊಂದೇ ಜೋಡಣೆಗೆ ಹತ್ತು ನಿಮಿಷ ನೀರು ಬಿಡುತ್ತ ಮೇಲೇರಿ. ಮೊದಲೇ ಚಾವಣಿಗೆ ಬಿಟ್ಟರೆ ಎಲ್ಲ ಕಡೆ ಇಳಿದು ಏನೂ ತಿಳಿಯದು. ಕಿಟಕಿ ಚೌಕಟ್ಟು, ಚಾವಣಿ ಕಿಂಡಿ, ಮೇಲಿನ ಪುಟ್ಟ ದೀಪಗಳ ಸುತ್ತ ಹೆಚ್ಚು ಅನುಮಾನವಿರಲಿ. ಹೆಬ್ಬೆರಳಿನಿಂದ ಒತ್ತಿದರೆ ಒಳಗೋಡೆ ಮೆತ್ತಗಿದೆಯೇ? ಹಾಗಿದ್ದರೆ ಪ್ಲೈವುಡ್ ಕೊಳೆತಿದೆ, ಹಲಗೆಯೇ ಬದಲಾಗಬೇಕು.

ಚೌಕಟ್ಟು ಬಿಚ್ಚಿ, ಸ್ಪಿರಿಟ್‌ನಿಂದ ಒರೆಸಿ, ಬ್ಯುಟೈಲ್ ಟೇಪ್ (ಅಂಟುವ ಮೆತ್ತನೆಯ ರಬ್ಬರ್ ಪಟ್ಟಿ) ಸುತ್ತಿಸಿ ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಿರಿ. ಟೇಪ್ ಒತ್ತಡಕ್ಕೆ ಮೆಲ್ಲಗೆ ಹರಡುತ್ತದೆ, ಎರಡು ದಿನ ಬಿಟ್ಟು ಮತ್ತೆ ಬಿಗಿದು ಹೊರಬಂದದ್ದನ್ನು ಕತ್ತರಿಸಿ. ನಿಲ್ಲಿಸುವಾಗ ಮೂಗು ತುಸು ತಗ್ಗಿಸಿದರೆ ಚಾವಣಿಯಲ್ಲಿ ನೀರು ನಿಲ್ಲದು. ನೀಲಿ ಟಾರ್ಪಾಲು ಬಿಗಿಯಾಗಿ ಹೊದಿಸಬೇಡಿ, ಒಳಗಿನ ಆವಿ ಹೊರಹೋಗಲಾರದೆ ಮುಗ್ಗಲು ಹೆಚ್ಚುತ್ತದೆ. ಹಾಸಿಗೆ ಎತ್ತಿ ನಿಲ್ಲಿಸಿ, ಕಪಾಟು ತೆರೆದಿಡಿ. ಮೂಲೆಯ ಕಾಲುಗಳು ಅಲುಗಾಡದಂತೆ ಹಿಡಿಯಲು ಮಾತ್ರ, ಜ್ಯಾಕ್ ಮಾಡಿ ಗಾಡಿ ಎತ್ತಲು ಅಲ್ಲ. ಇಲಿಗೆ ತಂತಿ ತೂತುಗಳಲ್ಲಿ ಸ್ಟೀಲ್ ಉಣ್ಣೆ ತುಂಬಿ.

ಟ್ರೇಲರ್‌ಗೆ ಬೇರೆ ನೋಂದಣಿ ಬೇಕೆ? ಊಟಿಗೆ ರಾತ್ರಿ ಹೊರಟರೆ ಟ್ರಾಫಿಕ್ ತಪ್ಪುತ್ತದಲ್ಲ? (ಯಲಹಂಕ)

ಬೇಕು. ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ವಾಹನವೇ, ಅದಕ್ಕೆ ಅದರದೇ ಆರ್‌ಸಿ, ವಿಮೆ ಇರಬೇಕು. 61ನೇ ಸೆಕ್ಷನ್ ಪ್ರಕಾರ ಅದರ ಸಂಖ್ಯೆ ಪಕ್ಕದಲ್ಲಿ ಕಾಣಬೇಕು, ಎಳೆಯುವ ಕಾರಿನ ಸಂಖ್ಯೆಯೂ ಟ್ರೇಲರ್ ಮೇಲಿರಬೇಕು. ಕೊಂಡಿ ಹಾಕಿಸುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಮಸಿನಗುಡಿ-ಕಲ್ಲಹಟ್ಟಿ ಮಾರ್ಗದ 36 ತಿರುವುಗಳ ಕಡೆ ತಲೆ ಹಾಕಬೇಡಿ, ಗೂಡಲೂರು ಮೇಲೆ ಹೋಗಿ. ಗುಂಡ್ಲುಪೇಟೆಯಲ್ಲಿ ಮಲಗಿ ಆರಕ್ಕೆ ಹೊರಟರೆ ಬೆಳಕಿನಲ್ಲೇ ಘಾಟಿ ಹತ್ತಬಹುದು.