ಎರಡು ನಾಯಿ, ಎರಡಕ್ಕೂ ಕಾಯಿಲೆ. ಒಂದನ್ನು ಬೇರೆಯವರಿಗೆ ಕೊಟ್ಟರೆ ತಪ್ಪಾ?

ಏಳು ವರ್ಷದ ಲ್ಯಾಬ್ರಡಾರ್‌ಗೆ ಸೊಂಟದ ನೋವು. ಎರಡು ವರ್ಷದ ನಾಟಿ ನಾಯಿಗೆ ಒಂದೇ ವರ್ಷದಲ್ಲಿ ಎರಡನೇ ಸಲ ಟಿಕ್ ಫೀವರ್ (ಉಣ್ಣೆ ಹುಳ ಕಚ್ಚಿ ಬರುವ ಜ್ವರ), ಮಾತ್ರೆ ಶುರುವಾಗಿ ಐದು ದಿನ. ಮೂರು ತಿಂಗಳಲ್ಲಿ ಮನೆಗೆ ಮಗು. ಮನೆಯವರೆಲ್ಲ "ಲ್ಯಾಬ್‌ನ ಯಾರದ್ದಾದರೂ ತೋಟಕ್ಕೆ ಕೊಟ್ಟುಬಿಡು" ಅಂತಿದ್ದಾರೆ, ಕೊಟ್ಟರೆ ತಪ್ಪಾ ಅಂತ ಕೇಳಿದ್ದೀರಿ.

ನಾವಿರುವುದು ಶಿವಮೊಗ್ಗದಲ್ಲಿ. ಸಿಂಬ ಅಂತ ಲ್ಯಾಬ್, ಕೆಂಪಿ ಅಂತ ಬೀದಿಯಿಂದ ತಂದ ಮರಿ. ನಿಮ್ಮಲ್ಲಿ ಮಗು ಬರುವ ಹೊತ್ತು, ನಮ್ಮಲ್ಲಿ ಮಾವನಿಗೆ ಸ್ಟ್ರೋಕ್ ಆಗಿತ್ತು. ಉಳಿದದ್ದೆಲ್ಲ ಹೆಚ್ಚುಕಮ್ಮಿ ನಿಮ್ಮದೇ ಕಥೆ. ಕೊನೆಗೆ ಒಂದು ನಾಯಿಯನ್ನು ಕೊಟ್ಟೆವು. ಎಲ್ಲರೂ ಕೊಡು ಅಂದಿದ್ದ ನಾಯಿಯನ್ನಲ್ಲ.

ಕೊಡುವುದು ತಪ್ಪಲ್ಲ. ಆದರೆ ನಾಯಿ ಜ್ವರದಲ್ಲಿ ಮಲಗಿರುವ ವಾರ ಅದನ್ನು ತೀರ್ಮಾನ ಮಾಡಬೇಡಿ. ರಾತ್ರಿ ಮೂರು ಗಂಟೆಗೆ ವಾಂತಿ ಒರೆಸುವಾಗ ಬರುವ ಯೋಚನೆ ಬೇರೆ, ನಿದ್ದೆ ಮಾಡಿ ಎದ್ದ ಮೇಲೆ ಬರುವುದೇ ಬೇರೆ.

ಮೊದಲು ಟಿಕ್ ಫೀವರ್. ಎರಡನೇ ಸಲ ಬಂತು ಅಂದರೆ ಎಲ್ಲೋ ಏನೋ ಬಿಟ್ಟುಹೋಗಿದೆ. ಕೆಂಪಿಗೆ ಮೊದಲ ಸಲ ಡಾಕ್ಸಿಸೈಕ್ಲಿನ್ ಅಂತ ಆಂಟಿಬಯಾಟಿಕ್ ಮಾತ್ರೆ ಕೊಟ್ಟಿದ್ದರು. ಒಂದು ವಾರಕ್ಕೆ ಗೆಲುವಾಗಿ ಓಡಾಡಿದಳು. "ಸುಮ್ನೆ ಯಾಕೆ ಅಷ್ಟೊಂದು ಮಾತ್ರೆ" ಅಂತ ನಾನೇ ನಿಲ್ಲಿಸಿಬಿಟ್ಟೆ. ಅದನ್ನು ಸಾಮಾನ್ಯವಾಗಿ 28 ದಿನ ಕೊಡಬೇಕು. ಎರಡು ತಿಂಗಳಿಗೆ ಮತ್ತೆ ಜ್ವರ, ಒಸಡು ಬಿಳಿಚಿಕೊಂಡಿತ್ತು, ಹೊಟ್ಟೆಯ ಚರ್ಮದ ಮೇಲೆ ಸಾಸಿವೆಕಾಳಿನಷ್ಟು ಕೆಂಪು ಚುಕ್ಕಿ. ಪ್ಲೇಟ್‌ಲೆಟ್ ಎರಡು ಲಕ್ಷದ ಮೇಲೆ ಇರಬೇಕಾದದ್ದು 38 ಸಾವಿರಕ್ಕೆ ಇಳಿದಿತ್ತು.

ಇನ್ನೊಂದು ವಿಷಯ ಆಗಲೇ ಗೊತ್ತಾಗಿದ್ದು. ಎರ್ಲಿಕಿಯಾ, ಬಬೇಸಿಯಾ ಅಂತ ಉಣ್ಣೆಯಿಂದ ಬರುವ ಎರಡು ಬೇರೆ ಬೇರೆ ಕಾಯಿಲೆ ಇವೆ, ಎರಡನ್ನೂ ನಮ್ಮ ಜನ ಟಿಕ್ ಫೀವರ್ ಅಂತಲೇ ಕರೆಯುತ್ತಾರೆ. ಮೊದಲನೆಯದಕ್ಕೆ ಡಾಕ್ಸಿ ಸಾಕು. ಎರಡನೆಯದು ಅದೊಂದರಿಂದ ಹೋಗುವುದಿಲ್ಲ, ಔಷಧಿ ಬೇರೆ. ಎರಡೂ ಒಟ್ಟಿಗೆ ಬರುವುದೂ ಇದೆ. ಹಾಗಾಗಿ ಯಾವುದು ಅಂತ ರಕ್ತ ಪರೀಕ್ಷೆ ಮಾಡಿಸದೆ ಹಳೇ ಚೀಟಿಯನ್ನೇ ಮತ್ತೆ ಅಂಗಡಿಗೆ ಒಯ್ಯಬೇಡಿ. ದುಡ್ಡಿನ ಚಿಂತೆ ಇದ್ದರೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ನಮ್ಮಲ್ಲಿ ಶಿವಮೊಗ್ಗದಲ್ಲಿದೆ, ಬೆಂಗಳೂರಲ್ಲಾದರೆ ಹೆಬ್ಬಾಳ. ಸಾಲು ಉದ್ದ ಇರುತ್ತೆ, ಬೆಳಿಗ್ಗೆ ಬೇಗ ಹೋಗಬೇಕು. ಡಾಕ್ಸಿಯನ್ನು ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಗ್ಯಾರಂಟಿ. ನಾವು ರಾಗಿಮುದ್ದೆಯ ಚಿಕ್ಕ ಉಂಡೆಯೊಳಗೆ ಸೇರಿಸಿ ಕೊಡುತ್ತಿದ್ದೆವು. ಮೂರನೇ ದಿನಕ್ಕೆ ಮುದ್ದೆ ನುಂಗಿ ಮಾತ್ರೆ ಮಾತ್ರ ಉಗುಳುವುದು ಕಲಿತಳು.

ಇನ್ನು ಈ ಜ್ವರ ತರುವ ಉಣ್ಣೆ. ನಾಯಿ ಮೈಮೇಲೆ ಕಾಣುವುದು ಸ್ವಲ್ಪವೇ. ರಕ್ತ ಕುಡಿದು ಉಬ್ಬಿದ ಹೆಣ್ಣು ಉದುರಿ ಗೋಡೆ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ನಾನು ಎರಡು ತಿಂಗಳು ದಿನಾ ಕಿವಿ ಒಳಗೆ, ಕಾಲ್ಬೆರಳ ಸಂದಿಯಲ್ಲಿ ಹೆಕ್ಕಿ ಹೆಕ್ಕಿ ಸೋಪಿನ ನೀರಿನ ಬಾಟಲಿಗೆ ಹಾಕಿದ್ದೇ ಬಂತು. ಒಂದು ಸಂಜೆ ಟಾರ್ಚ್ ಹಾಕಿ ನೋಡಿದರೆ ತುಳಸಿಕಟ್ಟೆಯ ಬಿರುಕಿನಿಂದ ಸಾಲುಸಾಲಾಗಿ ಮರಿ ಹತ್ತುತ್ತಿವೆ! ಬಿರುಕಿಗೆ ಸಿಮೆಂಟ್ ಮೆತ್ತಿಸಿದೆವು. ಡಾಕ್ಟರನ್ನು ಕೇಳಿ ಎರಡೂ ನಾಯಿಗೆ ಒಟ್ಟಿಗೆ ಉಣ್ಣೆಯ ಮಾತ್ರೆ ಶುರು ಮಾಡಿದೆವು. ನಿಮ್ಮ ನಾಯಿಗೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಆ ಮಾತ್ರೆಗೆ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಅಂದಹಾಗೆ, ಈ ಎರ್ಲಿಕಿಯಾ ನಾಯಿಯನ್ನು ಮುಟ್ಟಿದ್ದಕ್ಕೆ ಮನುಷ್ಯರಿಗೆ ಅಂಟುವುದಿಲ್ಲ. ಮಗುವಿನ ಹೆಸರಲ್ಲಿ ಹೆದರಿಸುವವರಿಗೆ ಇದನ್ನು ಹೇಳಿ.

ಸೊಂಟದ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ತೂಕ ಇಳಿಸಿ. ಸಿಂಬ 41 ಕೆಜಿ ಇದ್ದ, ಬಿಸ್ಕತ್ತು, ಬ್ರೆಡ್ಡು ನಿಲ್ಲಿಸಿ ಎಂಟು ತಿಂಗಳಲ್ಲಿ 34ಕ್ಕೆ ತಂದೆವು. ಅರ್ಧ ನೋವು ಅದರಲ್ಲೇ ಹೋಯಿತು. ಟೈಲ್ಸ್ ನೆಲದಲ್ಲಿ ಏಳುವಾಗ ಹಿಂಗಾಲು ಎರಡೂ ಆ ಕಡೆ ಈ ಕಡೆ ಜಾರುತ್ತಿದ್ದವು. ಮಲಗುವ ಜಾಗದಿಂದ ನೀರಿನ ಬಟ್ಟಲಿನ ತನಕ ಹಳೇ ಜಮಖಾನ ಹಾಸಿದೆವು. ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರ ದಯವಿಟ್ಟು ಕೊಡಬೇಡಿ, ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗುತ್ತೆ, ಕಿಡ್ನಿಯೂ ಹಾಳಾಗುತ್ತೆ.

ಇನ್ನು ಆ "ತೋಟ". ನಾನು ಮಲೆನಾಡಿನವಳು, ಅಡಿಕೆ ತೋಟದಲ್ಲೇ ಬೆಳೆದವಳು. ಪೇಟೆಯವರು ತೋಟ ಅಂದರೆ ನಾಯಿ ಇಡೀ ದಿನ ಹಸಿರಲ್ಲಿ ಓಡುತ್ತೆ ಅಂದುಕೊಳ್ಳುತ್ತಾರೆ. ನಾನು ನೋಡಿದ ಮುಕ್ಕಾಲು ತೋಟದಲ್ಲಿ ನಾಯಿ ಸರಪಳಿಯಲ್ಲಿರುತ್ತೆ. ಕಾಡಂಚಿನಲ್ಲಾದರೆ ಚಿರತೆ ಹೊತ್ತುಕೊಂಡು ಹೋಗುತ್ತೆ, ನಮ್ಮ ದೊಡ್ಡಪ್ಪನ ಮನೆಯ ಮೂರು ನಾಯಿ ಹಾಗೇ ಹೋದವು. ಉಣ್ಣೆಗಂತೂ ತೋಟ ತವರುಮನೆ. ಸೋಫಾ ಪಕ್ಕ ಮಲಗಿ ಬೆಳೆದ, ಸೊಂಟ ನೋವಿನ ಲ್ಯಾಬ್ ಅಲ್ಲಿ ಒಂದು ಮಳೆಗಾಲ ಕಳೆಯುವುದೂ ಕಷ್ಟ. ನಮ್ಮ ನೆಂಟರೊಬ್ಬರು "ಊರಾಚೆ ಬಿಟ್ಟು ಬಾ" ಅಂತಲೂ ಅಂದರು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂನಲ್ಲಿ, ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಪ್ರಾಣಿಯನ್ನು ಬಿಟ್ಟುಬರುವುದು ಅಪರಾಧ. ಮೊದಲ ಸಲಕ್ಕೆ ಕಾಯ್ದೆಯಲ್ಲಿ ಬರೆದ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದು ಮಸಾಲೆದೋಸೆಯ ದುಡ್ಡು ಅಲ್ವಾ!

ನಾವು ಕೂತು ಯೋಚಿಸಿದಾಗ ಹೊಳೆದದ್ದು ಇಷ್ಟು. ಸಿಂಬನ ಕೆಲಸ ಜಾಸ್ತಿ ಅನಿಸುತ್ತಿತ್ತು, ಆದರೆ ಅವನಿಗೆ ಬೇಕಾದದ್ದು ಹೊತ್ತಿಗೆ ಮಾತ್ರೆ, ಮಲಗಲು ಗೊತ್ತಿರುವ ಜಾಗ. ನಿಜವಾಗಿ ಕಷ್ಟಪಡುತ್ತಿದ್ದವಳು ಕೆಂಪಿ. ಮಾವ ಹಾಸಿಗೆ ಹಿಡಿದ ಮೇಲೆ ಅವಳನ್ನು ಹೊರಗೆ ಕರೆದೊಯ್ಯುವವರೇ ಇರಲಿಲ್ಲ. ಚಪ್ಪಲಿ ಕಡಿದು, ಗೇಟು ಹಾರಿ, ದಿನಾ ಬೈಸಿಕೊಳ್ಳುತ್ತಿದ್ದಳು. ಪೂರ್ತಿ ಗುಣವಾಗಿ, ಪ್ಲೇಟ್‌ಲೆಟ್ ಎರಡೂವರೆ ಲಕ್ಷ ದಾಟಿದ ರಿಪೋರ್ಟ್ ಕೈಗೆ ಬಂದ ಮೇಲೆ, ಮರಿ ಆಗದಂತೆ ಗರ್ಭಕೋಶದ ಆಪರೇಷನ್ನೂ ಮುಗಿಸಿ, ಅವಳಿಗೆ ಮನೆ ಹುಡುಕಿದೆವು.

ಬಂದವರಿಗೆಲ್ಲ ನಾನು ಕೇಳಿದ್ದು ಒಂದೇ ಪ್ರಶ್ನೆ: ರಾತ್ರಿ ನಾಯಿ ಎಲ್ಲಿ ಮಲಗುತ್ತೆ? ಒಬ್ಬರು "ಗೇಟ್ ಹತ್ರ ಕಟ್ತೀವಿ" ಅಂದರು. ಇನ್ನೊಬ್ಬರಿಗೆ ಮಗನ ಬರ್ತ್‌ಡೇಗೆ ಬೇಕಿತ್ತು, ಪ್ರಶ್ನೆಯೇ ಅರ್ಥವಾಗಲಿಲ್ಲ. ಮೂರನೆಯವರು ರಿಟೈರ್ ಆದ ಮೇಷ್ಟ್ರು ಮತ್ತು ಅವರ ಹೆಂಡತಿ. ಆಕೆ ತಿರುಗಿ ನನ್ನನ್ನೇ ಕೇಳಿದರು: "ಅದು ಮೊಸರನ್ನ ತಿನ್ನುತ್ತಾ? ಪಟಾಕಿಗೆ ಹೆದರುತ್ತಾ?" ಅವರಿಗೇ ಕೊಟ್ಟೆವು. ಎರಡು ಸಲ ಜ್ವರ ಬಂದದ್ದು, ಚಪ್ಪಲಿ ಕಡಿಯುವುದು, ಏನೂ ಮುಚ್ಚಿಡಲಿಲ್ಲ. ಲಸಿಕೆ ಕಾರ್ಡು, ರಕ್ತದ ರಿಪೋರ್ಟು, ಒಗೆಯದ ಅವಳ ಹಾಸಿಗೆ ಬಟ್ಟೆ ಜೊತೆಗೆ ಕಳಿಸಿದೆವು. ಸರಿಹೋಗದಿದ್ದರೆ ನಮಗೇ ವಾಪಸ್ ಕೊಡಬೇಕು, ಬೇರೆಯವರಿಗಲ್ಲ ಅಂತ ಚೀಟಿ ಬರೆದುಕೊಂಡೆವು. ಮೊದಲ ಎರಡು ವಾರ ಕಾಂಪೌಂಡಿನೊಳಗೂ ಹಗ್ಗ ಬಿಚ್ಚಬೇಡಿ ಅಂದಿದ್ದೆ, ಹೊಸ ಮನೆಯಿಂದ ನಾಯಿ ತಪ್ಪಿಸಿಕೊಳ್ಳುವುದು ಆಗಲೇ. ನೀವು ಲ್ಯಾಬ್‌ನೇ ಕೊಡುವುದಾದರೂ ಆಪರೇಷನ್ ಮಾಡಿಸದೆ "ಫ್ರೀ" ಅಂತ ಎಲ್ಲೂ ಹಾಕಬೇಡಿ. ಮರಿ ಮಾಡಿಸಿ ಮಾರುವವರೇ ಮೊದಲು ಫೋನ್ ಮಾಡುತ್ತಾರೆ.

ಅವಳು ಹೋದ ಮೇಲೆ ಸಿಂಬ ಮೂರು ದಿನ ವಾಷಿಂಗ್ ಮಷಿನ್ ಹಿಂದೆ ಹೋಗಿ ಹೋಗಿ ಮೂಸಿ ಬರುತ್ತಿದ್ದ. ಅದು ಅವಳು ಮಲಗುವ ಜಾಗ. ನಾನು ಅತ್ತುಬಿಟ್ಟೆ. ನಾಲ್ಕು ತಿಂಗಳ ಮೇಲೆ ನೋಡಲು ಹೋದಾಗ ಕೆಂಪಿ ಓಡಿ ಬಂದು ಮೈಮೇಲೆ ಹಾರಿ, ಮುಖವೆಲ್ಲ ನೆಕ್ಕಿದಳು. ಒಳಗಿಂದ ಆಕೆ "ಪುಟ್ಟೀ" ಅಂದರು. ನನ್ನ ಬಿಟ್ಟು ಒಳಗೆ ಓಡಿದಳು. ಈಗ ಅವಳ ಹೆಸರು ಅದೇ ಅಂತೆ. ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳು.

ನಿಮ್ಮದು ಇನ್ನೂ ಐದನೇ ದಿನ. 28 ಮುಗಿದು ರಕ್ತ ಇನ್ನೊಮ್ಮೆ ಪರೀಕ್ಷೆ ಆಗುವ ತನಕ ಯಾರಿಗೂ ಮಾತು ಕೊಡಬೇಡಿ.